ರೋವೀನಾಳ ಹೊಸ ಮೂಗು

ಎರಡು ಸಲ ಕೇಳಿದರೂ ಆ ಮನುಷ್ಯ ತಿರುಗಿ ನೋಡಲಿಲ್ಲ.

ರೋವೀನಾ ಕೇಳಿದ್ದು ದೊಡ್ಡದೇನೂ ಅಲ್ಲ. ಅವನ ಪಕ್ಕದ ಕಿಟಕಿಯ ಪರದೆ ಸ್ವಲ್ಪ ಎಳೆಯುತ್ತೀರಾ ಎಂದಷ್ಟೇ. ಚಳಿಗಾಲವೆಂಬುದು ಹೆಸರಿಗೆ ಮಾತ್ರ. ಟೌನ್ಸ್‌ವಿಲ್‌ನ ಬಿಸಿಲು ಗಾಜು ದಾಟಿ ನೇರವಾಗಿ ಅವಳ ಮುಖಕ್ಕೆ ಬಡಿಯುತ್ತಿತ್ತು. ಚರ್ಮದ ಕ್ಯಾನ್ಸರ್ ತೆಗೆಸಿಕೊಳ್ಳಲು ಬಂದ ಕ್ಲಿನಿಕ್ಕಿನಲ್ಲೂ ಬಿಸಿಲು ಕಾಯಿಸಿಕೊಳ್ಳುವುದೆಂದರೆ ಹೇಗೆ?

ಅವನೋ, ಒಳಗೆ ಬಂದ ಮೇಲೂ ಅಗಲ ಅಂಚಿನ ಹ್ಯಾಟು ತೆಗೆದಿರಲಿಲ್ಲ. ಅದನ್ನು ಕಿವಿ ಮುಚ್ಚುವಂತೆ ಎಳೆದುಕೊಂಡು, ಕೈಕಟ್ಟಿ, ಗೋಡೆಯ ಟೀವಿ ನೋಡುತ್ತಾ ಕೂತಿದ್ದ. ನಲವತ್ತೈದರ ಆಸುಪಾಸು. ಬಿಸಿಲಿಗೆ ಕಾದ ಇಟ್ಟಿಗೆಯ ಬಣ್ಣದ ಕುತ್ತಿಗೆ. ಮೊಣಕೈವರೆಗೆ ಮಡಿಸಿದ ನೀಲಿ ಅಂಗಿ.

"ಏನು ಜಂಬಾನೋ ಈ ಮಹಾರಾಜಂಗೆ," ಎಂದು ಗೊಣಗಿಕೊಂಡು ರೋವೀನಾ ಅವನ ಭುಜ ತಟ್ಟಿದಳು.

ಅವನು ತಿರುಗಿದ. ಕಂದು ಕಣ್ಣು. ಹುಬ್ಬು ಮೇಲೇರಿತು. ಹ್ಯಾಟು ತೆಗೆದ. ಬಲಗಿವಿಯ ಜಾಗದಲ್ಲಿ ಹೂಕೋಸಿನಷ್ಟು ದೊಡ್ಡ ಬ್ಯಾಂಡೇಜು.

"ಈ ಕಡೆ ಅಂಗಡಿ ಬಾಗಿಲು ಹಾಕಿದೆ ಮೇಡಂ. ಏನಾದ್ರೂ ಬೇಕಿದ್ರೆ ಆ ಕಡೆಯಿಂದ ಬನ್ನಿ."

ರೋವೀನಾಳ ಮುಖ ಕೆಂಪಾಯಿತು. ಕಂಡದ್ದು ಮಾತ್ರ ಅರ್ಧವೇ, ಏಕೆಂದರೆ ಉಳಿದರ್ಧವನ್ನು ಮೂಗಿನ ಮೇಲಿನ ಬ್ಯಾಂಡೇಜು ಮುಚ್ಚಿತ್ತು. "ಪರದೆ," ಎಂದಳು. ಮೂಗು ಕಟ್ಟಿದ್ದರಿಂದ ಅವಳ ಮಾತೆಲ್ಲ ನೆಗಡಿಯ ಮಗುವಿನ ಮಾತಿನಂತೆ ಬರುತ್ತಿತ್ತು. "ಪರದೆ ಎಳೀರಿ ಅಂದೆ. ಬಹಾರಾಜ ಅಂತಲೂ ಅಂದೆ. ಕ್ಷಬಿಸಿ."

"ಬಹಾರಾಜ," ಅವನು ಆ ಪದವನ್ನು ಬಾಯಲ್ಲಿಟ್ಟು ಚಪ್ಪರಿಸಿದ. "ಇದುವರೆಗೆ ಯಾರೂ ಹಾಗೆ ಕರೆದಿಲ್ಲ. ಲೀನೊ ಝನೆಟ್ಟಿ ಅಂತಾರೆ." ಎದ್ದು ಪರದೆ ಎಳೆದ. ವಾಪಸು ಬಂದು ಅವಳ ಆಚೆಯ ಕುರ್ಚಿಯಲ್ಲಿ ಕೂತ, ಎಡಗಿವಿ ಅವಳ ಕಡೆಗೆ ಬರುವಂತೆ.

ಅಷ್ಟರಿಂದ ಶುರುವಾಯಿತು.

ಆ ಕ್ಲಿನಿಕ್ಕಿನಲ್ಲಿ ಮಾಡುವ ಆಪರೇಷನ್ನಿಗೆ ಮೋಸ್ ಎಂದು ಹೆಸರು. ಹೆಸರಿನಲ್ಲಿದ್ದರೂ ಕೆಲಸದಲ್ಲಿ ಮೋಸವಿಲ್ಲ. ಕ್ಯಾನ್ಸರಿನ ಜಾಗದಿಂದ ತೆಳುವಾಗಿ ಒಂದು ಪದರ ಕೊಯ್ಯುತ್ತಾರೆ, ಬ್ಯಾಂಡೇಜು ಹಾಕಿ ಹೊರಗೆ ಕೂರಿಸುತ್ತಾರೆ, ಅದನ್ನು ಅಲ್ಲೇ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಅಂಚಿನಲ್ಲಿ ಇನ್ನೂ ಉಳಿದಿದ್ದರೆ ಮತ್ತೆ ಒಳಗೆ ಕರೆದು ಇನ್ನೊಂದು ಪದರ. ಪೂರ್ತಿ ಹೋಗುವವರೆಗೆ ಹೀಗೇ. ಆದ್ದರಿಂದ ಅಲ್ಲಿಗೆ ಬಂದವರಿಗೆ ಕೊಯ್ಸಿಕೊಳ್ಳುವುದಕ್ಕಿಂತ ಕಾಯುವ ಕೆಲಸವೇ ಜಾಸ್ತಿ.

"ನಿಮ್ಮದು ಯಾವ ಊರು?" ಲೀನೊ ಕೇಳಿದ.

"ಕರ್ಲ್ಯೂ ಬೇ. ಅಲ್ಲಿನ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸ್ತೀನಿ. ಎಲ್ಲರೂ ರೋ ಅಂತಾರೆ."

"ಅಯ್ಯೋ, ನಮ್ಮ ಕಡೆಯವರೇ. ನಾನು ಸಕ್ಕರೆ ಫ್ಯಾಕ್ಟರಿಗೆ ಕಬ್ಬಿನ ರೈಲು ಓಡಿಸ್ತೀನಿ. ನಿಮ್ಮೂರ ಹಿಂದಿನ ಲೈನು ನಂದೇ." ಬ್ಯಾಂಡೇಜು ಮುಟ್ಟಿಕೊಂಡ. "ಇಪ್ಪತ್ತು ವರ್ಷ ಎಂಜಿನ್ನಿನ ಕಿಟಕಿಯಿಂದ ಈ ಕಿವಿ ಹೊರಗೆ ಹಾಕಿದ್ದಕ್ಕೆ ಸಿಕ್ಕಿದ ಬಹುಮಾನ."

ರೋವೀನಾ ನೆಟ್ಟಗೆ ಕೂತಳು. "ಮಧ್ಯಾಹ್ನ ಊಟ ಮಾಡಿ ಕಣ್ಣು ಮುಚ್ಚೋ ಹೊತ್ತಿಗೆ ಸರಿಯಾಗಿ ಹಾರ್ನ್ ಹೊಡೀತಾ ಹೋಗೋದು..."

"ನಾನೇ. ರಸ್ತೆ ದಾಟೋ ಜಾಗದಲ್ಲಿ ಹೊಡೀಲೇಬೇಕು, ರೂಲ್ಸು. ಅಲ್ಲೊಬ್ಬಳು ಹೆಂಗಸಿದ್ದಾಳೆ ನೋಡಿ, ಪ್ರತಿ ಸೀಸನ್ನಿಗೂ ಫ್ಯಾಕ್ಟರಿಗೆ ಫೋನ್ ಮಾಡಿ ನನ್ನ ಮೇಲೆ ದೂರು ಕೊಡ್ತಾಳೆ. ಕೈಗೆ ಸಿಕ್ಕಿದ್ರೆ ಎರಡು ಮಾತು ಕೇಳೋದಿದೆ."

"ಕೇಳಿ," ಎಂದಳು ರೋವೀನಾ. "ಇಲ್ಲೇ ಕೂತಿದೀನಿ."

ಲೀನೊ ಅವಳನ್ನು ನೋಡಿದ. ನಿಧಾನವಾಗಿ, ಕೆಂಪು ಕೂದಲಿನಿಂದ ಹಿಡಿದು ಕೆನ್ನೆಯ ಕಂದು ಚುಕ್ಕಿಗಳವರೆಗೆ, ಬ್ಯಾಂಡೇಜಿನ ಮೇಲೆ ಹೊಳೆಯುತ್ತಿದ್ದ ಬೂದುಹಸಿರು ಕಣ್ಣುಗಳವರೆಗೆ. ಆಮೇಲೆ ನಕ್ಕ. ನಕ್ಕರೆ ಕಿವಿ ಎಳೆಯುತ್ತದೆ. "ಆ" ಎಂದು ಕಿವಿಗೆ ಕೈ ಹಿಡಿದುಕೊಂಡು ಮತ್ತೂ ನಕ್ಕ. ರೋವೀನಾಳಿಗೂ ತಡೆಯಲಾಗಲಿಲ್ಲ. ಎದುರಿನ ಸಾಲಿನಲ್ಲಿ ತಲೆಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದ ಅಜ್ಜನೊಬ್ಬ, ಇವರಿಬ್ಬರಿಗೆ ಯಾವ ಇಂಜೆಕ್ಷನ್ ಕೊಟ್ಟಿದ್ದಾರೆ ಎಂದು ನರ್ಸಿನ ಹತ್ತಿರ ವಿಚಾರಿಸಿದ.

ಲೀನೊನನ್ನು ಒಳಗೆ ಕರೆದರು. ಅವನು ಬಂದ. ಅವಳನ್ನು ಕರೆದರು. ಅವಳು ಬಂದಳು. ಎರಡು ಸುತ್ತುಗಳ ನಡುವೆ ಬದುಕಿನ ಕಥೆಗಳೂ ಪದರ ಪದರವಾಗಿ ಹೊರಬಂದವು. ಅವನಿಗೆ ಹಿಂದೆ ಮದುವೆಯಾಗಿ ಮುರಿದಿತ್ತು. ಹೆಂಡತಿಗೆ ಬ್ರಿಸ್ಬೇನ್ ಬೇಕಿತ್ತು, ಅವನಿಗೆ ರೈಲು. ಅವಳದೂ ಒಂದು ಮದುವೆ, ಎಂದೋ ಮುಗಿದದ್ದು. ಹುಡುಗಿಯಾಗಿದ್ದಾಗ ಗೆಳತಿಯರ ಜೊತೆ ಮೈಗೆ ಎಣ್ಣೆ ಬಳಿದುಕೊಂಡು ಮರಳಿನ ಮೇಲೆ ಬಿದ್ದುಕೊಳ್ಳುತ್ತಿದ್ದಳಂತೆ, ಕಂದುಬಣ್ಣ ಬರಲಿ ಎಂದು. ಕಂದು ಎಂದೂ ಬರಲಿಲ್ಲ. ಬೆಂದು ಸಿಪ್ಪೆ ಏಳುತ್ತಿತ್ತು, ಯಾರ ಬೆನ್ನಿನ ಸಿಪ್ಪೆ ಉದ್ದ ಸುಲಿಯುತ್ತದೆಂದು ಪಂದ್ಯ ಕಟ್ಟುತ್ತಿದ್ದರು. ಮೂಗಿನ ತುದಿಯ ಸಣ್ಣ ಗುಳ್ಳೆ ವಾಸಿಯಾಗುವುದು, ಮತ್ತೆ ರಕ್ತ ಬರುವುದು, ಹೀಗೆ ವರ್ಷಕ್ಕೂ ಮೇಲೆ ನಡೆದಿತ್ತು. ಮೊಡವೆ ಎಂದುಕೊಂಡಿದ್ದಳು.

"ಈ ವಯಸ್ಸಲ್ಲಿ ಮೊಡವೆ," ಲೀನೊ ಹೇಳಿದ. "ಆಸೆ ನೋಡಿ."

ಮಧ್ಯಾಹ್ನದ ಹೊತ್ತಿಗೆ ಲೀನೊನ ಕಿವಿ ಪೂರ್ತಿ ಸ್ವಚ್ಛ ಎಂದು ಗೊತ್ತಾಯಿತು. ಮೇಲಂಚು ಹೋಗಿತ್ತು, ಉಳಿದದ್ದನ್ನು ಹೊಲಿದರು. ಅವನು ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ. ರೋವೀನಾ ಇನ್ನೊಂದು ಪದರಕ್ಕೆ ಒಳಗೆ ಹೋಗಿ ಬರುವಾಗಲೂ ಅದೇ ಕುರ್ಚಿಯಲ್ಲಿ ಕೂತಿದ್ದ.

"ಇನ್ನೂ ಇದೀರಾ?"

"ಫುಟ್‌ಬಾಲ್ ನೋಡ್ತಿದೀನಿ."

ಟೀವಿಯಲ್ಲಿ ಅಡುಗೆ ಕಾರ್ಯಕ್ರಮ ಬರುತ್ತಿತ್ತು.

ಕೊನೆಯ ಸುತ್ತು ಮುಗಿದ ಮೇಲೆ ಡಾಕ್ಟರ್ ತಿಯೋ ರೋವೀನಾಳ ಪಕ್ಕದಲ್ಲಿ ಸ್ಟೂಲ್ ಎಳೆದುಕೊಂಡು ಕೂತರು. ಸಣ್ಣ ಆಕೃತಿಯ, ಮೆಲುದನಿಯ ಹೆಂಗಸು. "ಕ್ಯಾನ್ಸರ್ ಪೂರ್ತಿ ಹೋಯ್ತು. ಅದು ಒಳ್ಳೆ ಸುದ್ದಿ. ಆದ್ರೆ ಹೊರಗೆ ಕಂಡದ್ದಕ್ಕಿಂತ ಒಳಗೆ ಬೇರು ಹರಡಿತ್ತು. ಮೂಗಿನ ತುದಿ, ಎಡಗಡೆ ಹೊಳ್ಳೆ ಎರಡನ್ನೂ ತೆಗೀಬೇಕಾಯ್ತು. ಕನ್ನಡಿ ಕೊಡ್ಲಾ, ಬೇಡ್ವಾ?"

"ಕೊಡಿ."

ನೋಡಿದಳು. ಕನ್ನಡಿಯನ್ನು ಮೆಲ್ಲಗೆ ಮಡಿಲಲ್ಲಿಟ್ಟಳು.

"ಇದನ್ನ ನಾಳೇನೇ ಮತ್ತೆ ಕಟ್ಟಬಹುದು," ಡಾಕ್ಟರ್ ಹೇಳಿದರು. "ಹಣೆಯಿಂದ ಒಂದು ಪಟ್ಟಿ ಚರ್ಮ ಬಿಡಿಸಿ, ಬುಡವನ್ನ ಹುಬ್ಬಿನ ಹತ್ರ ಹಾಗೇ ಉಳಿಸಿ, ತಿರುಗಿಸಿ ತಂದು ಮೂಗಿಗೆ ಹೊಲೀತೀವಿ. ಅಲ್ಲಿ ರಕ್ತ ಓಡಾಡೋಕೆ ಶುರುವಾಗೋವರೆಗೆ ಆ ಪಟ್ಟಿ ಮುಖದ ಮೇಲೆ ಸೊಂಡಿಲಿನ ಹಾಗೆ ಇರುತ್ತೆ. ಕೆಲವು ವಾರ. ಆಮೇಲೆ ಕತ್ತರಿಸ್ತೀವಿ. ಆ ವಾರಗಳು ಕಷ್ಟ, ಸುಳ್ಳು ಹೇಳಲ್ಲ. ಮೂಗು ಮಾತ್ರ ಮೂಗಿನ ಹಾಗೇ ಬರುತ್ತೆ."

ಹೊರಗೆ ಬಂದಾಗ ಲೀನೊ ಟೀವಿ ಬಿಟ್ಟು ಅವಳ ಕಡೆ ತಿರುಗಿದ. ಎದ್ದು ನಿಂತ. ಅವಳು ಅವನ ಎಡಗಿವಿಯ ಹತ್ತಿರ ಬಂದು ಎಲ್ಲವನ್ನೂ ಹೇಳಿದಳು.

"ನಾಳೆ ಯಾರು ಬರ್ತಾರೆ ಜೊತೆಗೆ?"

"ತಂಗಿ ಬ್ರೈಡಿ. ದಾರಿಯಲ್ಲಿದ್ದಾಳೆ."

"ಅವಳು ಬರೋವರೆಗೆ ಕೂರೋಣ," ಎಂದ ಲೀನೊ. ಟೀವಿಯವರು ಈರುಳ್ಳಿ ಹೆಚ್ಚುತ್ತಿದ್ದರು. ಅವನ ಕೈ ಅವಳ ಕೈಯ ಪಕ್ಕದಲ್ಲಿ, ತಾಗಿಯೂ ತಾಗದಂತೆ, ಬ್ರೈಡಿ ಬಾಗಿಲಲ್ಲಿ ಕಾಣಿಸಿಕೊಳ್ಳುವವರೆಗೆ ಇತ್ತು.

*

ಸೊಂಡಿಲು ಬಂತು.

ಹುಬ್ಬಿನ ಮೇಲಿಂದ ಇಳಿದು ಮೂಗಿನ ತುದಿಗೆ ಅಂಟಿಕೊಂಡ, ಬೆರಳು ಗಾತ್ರದ, ಕೆಂಪು-ನೇರಳೆ ಮಾಂಸದ ಹಗ್ಗ. ಹಣೆಯಲ್ಲಿ ಉದ್ದಕ್ಕೂ ಕಪ್ಪು ಹೊಲಿಗೆ. ಕನ್ನಡಕ ಹಾಕುವಂತಿಲ್ಲ, ಬಗ್ಗುವಂತಿಲ್ಲ. ರೋವೀನಾ ಬಚ್ಚಲುಮನೆಯ ಕನ್ನಡಿಗೆ ಟವೆಲ್ ಹೊದಿಸಿದಳು. ಈಜುಕೊಳದಲ್ಲಿ ರಜೆ ಎಂದು ಹೇಳಿಸಿದಳು. ಅಂಗಡಿಯಿಂದ ಹಾಲು, ಬ್ರೆಡ್ಡು ತರುವುದು ಬ್ರೈಡಿಯ ಪಾಲಾಯಿತು.

ಲೀನೊ ಫೋನ್ ಮಾಡುತ್ತಿದ್ದ. "ಬಂದು ನೋಡ್ಲಾ?"

"ಬೇಡ."

"ಸರಿ. ಏನು ತಿಂದ್ರಿ?"

"ಸೂಪು."

"ಬರೀ ಸೂಪಾ? ನಮ್ಮಮ್ಮಂಗೆ ಗೊತ್ತಾದ್ರೆ ಅಳ್ತಾಳೆ."

ಒಂದು ಸಲ ಬೇಡ ಎಂದ ಮೇಲೆ ಅವನು ಬಾಗಿಲಿಗೆ ಬರಲಿಲ್ಲ. ಆ ಮರ್ಯಾದೆ ಅವನಿಗಿತ್ತು. ರೈಲು ಮಾತ್ರ ಬರುತ್ತಿತ್ತು, ಅದು ಬರಲೇಬೇಕು. ರೋವೀನಾಳ ಹಿತ್ತಲ ಬೇಲಿಯಾಚೆಗೇ ಕಬ್ಬಿನ ಲೈನು. ಮಧ್ಯಾಹ್ನ ಆ ಸಣ್ಣ ಹಳದಿ ಎಂಜಿನ್ನು ಕಬ್ಬು ತುಂಬಿದ ಪಂಜರದಂಥ ಡಬ್ಬಿಗಳನ್ನು ಗಡಗಡ ಎಳೆಯುತ್ತಾ ಬರುವುದು. ರಸ್ತೆ ದಾಟುವಲ್ಲಿ ರೂಲ್ಸಿನ ಪ್ರಕಾರ ಒಂದು ಉದ್ದ ಹಾರ್ನು. ಅವಳ ಬೇಲಿಯ ಹತ್ತಿರ ಯಾವ ರೂಲ್ಸಿಗೂ ಸೇರದ ಇನ್ನೊಂದು, ತೀರಾ ಚಿಕ್ಕದು, ಕೆಮ್ಮಿದ ಹಾಗೆ.

ಮೊದಲೆರಡು ದಿನ ಅವಳು ದಿಂಬಿಗೆ ಒರಗಿಕೊಂಡೇ ನಕ್ಕಳು. ಆಮೇಲೆ ಆ ಹೊತ್ತಿಗೆ ಅಡುಗೆಮನೆಯ ಕಿಟಕಿಯ ಪಕ್ಕ ನಿಲ್ಲತೊಡಗಿದಳು. ಪರದೆಯ ಸಂದಿನಿಂದ ಅವನ ಮೊಣಕೈ ಕಾಣುತ್ತಿತ್ತು, ಹ್ಯಾಟಿನ ಅಂಚು ಕಾಣುತ್ತಿತ್ತು. ಅವನು ಮನೆಯ ಕಡೆ ಒಂದು ಸಲ ತಿರುಗಿ ನೋಡಿ, ಏನೂ ಕಾಣದೆ ಮುಂದೆ ನೋಡುತ್ತಿದ್ದ. ಆ ತಿರುಗುವಿಕೆಯಲ್ಲಿ ಒತ್ತಾಯವಿರಲಿಲ್ಲ. ಇರಲಿ, ನಾಳೆ ನೋಡೋಣ ಎಂಬಂಥ ಒಂದು ತಾಳ್ಮೆ. ಅದೇ ಅವಳನ್ನು ಕಾಡಿತು.

ಒಂದು ಮಧ್ಯಾಹ್ನ ಹಾರ್ನ್ ಕೇಳುವ ಮೊದಲೇ ರೋವೀನಾ ಹಿತ್ತಲ ಬಾಗಿಲು ತೆಗೆದಳು. ಕೊಡೆ ಬಿಚ್ಚಿ, ಹುಲ್ಲು ದಾಟಿ, ಬೇಲಿಯ ಹತ್ತಿರ ನಿಂತಳು. ಮುಖಕ್ಕೆ ಏನೂ ಮುಚ್ಚಿಕೊಂಡಿರಲಿಲ್ಲ.

ಎಂಜಿನ್ನು ಬಂತು. ನಿಧಾನವಾಯಿತು. ಬ್ರೇಕು ಕಿರುಗುಟ್ಟಿ, ಹಿಂದಿನ ಡಬ್ಬಿಗಳು ಒಂದಕ್ಕೊಂದು ಡಿಕ್ಕಿ ಹೊಡೆದು, ಇಡೀ ರೈಲು ನಿಂತಿತು. ಲೀನೊ ಇಳಿದು ಬಂದ. ಬೇಲಿಯ ಈಚೆ ಅವಳು, ಆಚೆ ಅವನು.

ಅವನು ನೋಡಿದ. ಎಲ್ಲರೂ ಏನು ಮಾಡಬಹುದೆಂದು ಅವಳು ಹೆದರಿದ್ದಳೋ ಅದನ್ನು ಅವನು ಮಾಡಲಿಲ್ಲ. ಕಣ್ಣು ತಪ್ಪಿಸಲಿಲ್ಲ, ಉಳಿದದ್ದು ಕಾಣದವನಂತೆ ಅವಳ ಕಣ್ಣನ್ನೇ ನೋಡುತ್ತಾ ನಿಲ್ಲಲೂ ಇಲ್ಲ. ಹಣೆಯ ಹೊಲಿಗೆ ನೋಡಿದ, ಸೊಂಡಿಲಿನ ಗುಂಟ ಇಳಿದ, ತುದಿಯಲ್ಲಿ ನಿಂತ, ಆಮೇಲೆ ಮೇಲೇರಿ ಅವಳ ಕಣ್ಣಿಗೆ ಬಂದ. ರಿಪೇರಿ ಚೆನ್ನಾಗಿ ಆಗಿದೆಯೋ ಇಲ್ಲವೋ ಎಂದು ಎಂಜಿನ್ನು ನೋಡುವವನ ನೋಟ.

"ನೋವಿದ್ಯಾ?"

"ಎಳೆಯತ್ತೆ. ಹೇಳಿಬಿಡಿ, ಏನನ್ಸತ್ತೋ ಹೇಳಿಬಿಡಿ."

ಲೀನೊ ಗಂಭೀರವಾಗಿ ಗಡ್ಡ ಕೆರೆದುಕೊಂಡ. "ನಮ್ಮನೇಲಿ ಪ್ರತಿ ಚಳಿಗಾಲ ಸಲಾಮಿ ಮಾಡ್ತಾರೆ. ಹಂದಿಮಾಂಸ ತುಂಬಿ, ದಾರ ಕಟ್ಟಿ, ಸಾಲಾಗಿ ತೂಗುಹಾಕೋದು. ನಮ್ಮಮ್ಮ ಇದನ್ನ ನೋಡಿದ್ರೆ ಹೊಲಿಗೆಗೆ ನೂರಕ್ಕೆ ನೂರು ಕೊಡ್ತಾಳೆ. ಆದ್ರೆ ಉಪ್ಪು ಸಾಲ್ದು ಅಂತಾಳೆ."

ರೋವೀನಾಳ ಹೊಟ್ಟೆಯೊಳಗಿಂದ ನಗು ಎದ್ದು ಬಂತು, ಹೊಲಿಗೆ ಎಳೆಯುತ್ತದೆಂದು ತಡೆದಷ್ಟೂ ಉಕ್ಕಿತು, ಕಣ್ಣಲ್ಲಿ ನೀರಾಗಿ ಹರಿಯಿತು. "ಹಾಳಾಗಿ ಹೋಗು," ಎಂದಳು. "ನಗಿಸಬೇಡ, ಕಿತ್ತು ಬರತ್ತೆ."

'ಹೋಗು' ಎಂದದ್ದನ್ನು ಇಬ್ಬರೂ ಗಮನಿಸಿದರು. 'ಹೋಗಿ' ಅಲ್ಲ.

"ನಾಳೆ ಬರ್ಲಾ?" ಲೀನೊ ಕೇಳಿದ. "ಬಾಗಿಲಿಂದ?"

"ಬಾ. ನಿಮ್ಮಮ್ಮನ ಕೈ ಅಡುಗೆ ತಗೊಂಡು ಬಾ. ಸೂಪು ಸಾಕಾಗಿದೆ."

ಫ್ಯಾಕ್ಟರಿಯಿಂದ ಎಂಜಿನ್ನಿನ ವೈರ್‌ಲೆಸ್ ರೇಡಿಯೋದಲ್ಲಿ, ರೈಲು ಯಾಕೆ ನಿಂತಿದೆ ಎಂದು ಯಾರೋ ಕೂಗಾಡುತ್ತಿದ್ದರು. ಹಳಿಯ ಮೇಲೆ ಹಸು ಬಂತು ಎಂದು ಲೀನೊ ಉತ್ತರ ಕೊಟ್ಟ.

"ಹಸುವಾ ನಾನು?"

"ಆನೆ ಅಂದ್ರೆ ನಂಬಲ್ಲ ಅವರು."

*

ಸೆಪ್ಟೆಂಬರ್ ಹೊತ್ತಿಗೆ ಸೊಂಡಿಲು ಹೋಗಿತ್ತು. ಹಣೆಯಲ್ಲೊಂದು ಗುಲಾಬಿ ಗೆರೆ ಉಳಿಯಿತು. ಮೂಗಿನ ತುದಿ ಸ್ವಲ್ಪ ದಪ್ಪ, ಅಂಚಿನಲ್ಲಿ ಒಂದು ಸಣ್ಣ ಹೊಲಿಗೆ ಗುರುತು. ಈಜುಕೊಳದ ಮಕ್ಕಳು ಮೊದಲ ದಿನ ದಿಟ್ಟಿಸಿದರು, ಶಾರ್ಕ್ ಕಚ್ಚಿತಾ ಎಂದು ಕೇಳಿದರು, ಎರಡನೇ ದಿನ ಮರೆತರು.

ಇನ್ನೊಂದು ಗುಟ್ಟು ಆಗ ಹೊರಬಿತ್ತು. ಲೀನೊಗೆ ಈಜು ಬರುತ್ತಿರಲಿಲ್ಲ. ಸಮುದ್ರದಿಂದ ಐದು ಮೈಲಿ ದೂರದಲ್ಲಿ ಹುಟ್ಟಿ ಬೆಳೆದವನಿಗೆ.

"ಕಬ್ಬಿನ ಗದ್ದೇಲಿ ಯಾರು ಈಜ್ತಾರೆ?" ಎಂದ ಅವನು.

"ನಾಳೆಯಿಂದ ನನ್ನ ಕ್ಲಾಸಿಗೆ ಬರ್ತೀಯ. ಬಿಸಿಲು ಇಳಿದ ಮೇಲೆ. ಮಕ್ಕಳ ಕಡೆ, ಆಳ ಇಲ್ಲದ ಕಡೆ."

ಬಂದ. ಉದ್ದ ತೋಳಿನ ಈಜಂಗಿ, ತಲೆಗೆ ರಬ್ಬರ್ ಟೋಪಿ. ಕೊಳದ ಅಂಚನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು ಕಾಲು ಬಡಿದ. ಸುತ್ತಲಿನ ನೀರೆಲ್ಲ ಮೇಲೆದ್ದು ಅವಳ ಮುಖಕ್ಕೆ ರಾಚಿತು. ಅವನು ಮಾತ್ರ ಒಂದಂಗುಲ ಮುಂದೆ ಹೋಗಲಿಲ್ಲ.

"ನೀನು ನೀರಿಗೆ ಹೊಡೀತಿದೀಯ. ಅದೇನು ಪಾಪ ಮಾಡಿದೆ? ಸೊಂಟದಿಂದ ಬರ್ಲಿ, ಮೊಣಕಾಲಿಂದ ಅಲ್ಲ."

"ಸೊಂಟ ಅಂದ್ರೆ ಯಾವುದು, ತೋರಿಸಿ ಹೇಳಿ ಟೀಚರ್."

ರೋವೀನಾ ಅವನ ಕಡೆ ಒಂದು ನೋಟ ಎಸೆದಳು. ಅದರಲ್ಲಿ ಬೈಗುಳ ಅರ್ಧ, ಇನ್ನರ್ಧ ಬೇರೇನೋ. ನೀರಿಗಿಳಿದು ಅವನ ಎರಡೂ ಕಾಲು ಹಿಡಿದಳು. ನೀರಿನಲ್ಲಿ ಅವನ ಕಾಲು ಹಗುರವಾಗಿತ್ತು, ಬೆಚ್ಚಗಿತ್ತು. ಸಂಜೆಯ ಬೆಳಕು ಕೊಳದ ತುಂಬಾ ಜೇನಿನ ಬಣ್ಣ ಹರಡಿತ್ತು. ಅವಳ ಹೆಬ್ಬೆರಳು ಅವನ ಬಲಗಾಲಿನ ಮೀನಖಂಡದ ಮೇಲೆ ನಿಂತಿತು.

ಅಲ್ಲೊಂದು ಕಪ್ಪು ಕಲೆ.

"ಎಂಜಿನ್ ಗ್ರೀಸು ತೊಳೆಯದೆ ನನ್ನ ಕೊಳಕ್ಕೆ ಇಳಿದಿದೀಯ," ಎಂದು ಉಜ್ಜಿದಳು. ಹೋಗಲಿಲ್ಲ. ಮತ್ತೆ ಉಜ್ಜಿದಳು. ಬಗ್ಗಿ ನೋಡಿದಳು. ಒಂದು ಕಡೆ ಕಂದು, ಇನ್ನೊಂದು ಕಡೆ ಶಾಯಿಯಂಥ ಕಪ್ಪು. ಅಂಚು ಹರಿದ ಕಾಗದದ ಹಾಗೆ ಅಂಕುಡೊಂಕು. ಕ್ಲಿನಿಕ್ಕಿನ ಗೋಡೆಯ ಮೇಲಿದ್ದ ಇಂಥವೇ ಕ್ಯಾನ್ಸರ್ ಕಲೆಗಳ ಚಿತ್ರಗಳ ಮುಂದೆ ಒಂದು ದಿನವಿಡೀ ಕೂತಿದ್ದಳಲ್ಲ ಅವಳು.

"ಲೀನೊ. ಇದು ಯಾವಾಗಿಂದ ಇದೆ?"

ಅವನು ಕಾಲು ಎಳೆದುಕೊಂಡ. "ಹುಟ್ಟು ಮಚ್ಚೆ."

"ಹುಟ್ಟು ಮಚ್ಚೆ ಹೀಗಿರಲ್ಲ. ಡಾಕ್ಟರಿಗೆ ತೋರಿಸಿದ್ಯಾ?"

"ಈಗ ತಾನೇ ಅರ್ಧ ಕಿವಿ ಕೊಟ್ಟು ಬಂದಿದೀನಿ ರೋ. ಸೀಸನ್ ಮುಗೀಲಿ, ನೋಡೋಣ." ನಗಲು ನೋಡಿದ. ನಗು ಬರಲಿಲ್ಲ. ಮೆಟ್ಟಿಲು ಹತ್ತಿ, ಟವೆಲ್ಲನ್ನು ಭುಜಕ್ಕಲ್ಲ, ಕಾಲಿಗೆ ಸುತ್ತಿಕೊಂಡ.

ಮರುದಿನ ಅವನು ಕ್ಲಾಸಿಗೆ ಬರಲಿಲ್ಲ. ಫೋನ್ ಎತ್ತಲಿಲ್ಲ. ರೈಲು ಬಂತು, ರಸ್ತೆಯ ಹತ್ತಿರ ರೂಲ್ಸಿನ ಹಾರ್ನು ಹೊಡೆಯಿತು. ಬೇಲಿಯ ಹತ್ತಿರ ಸದ್ದಿಲ್ಲದೆ ಹೋಯಿತು. ಅದರ ಮರುದಿನವೂ ಹಾಗೇ.

ರೋವೀನಾ ಅವನ ತಾಯಿಯ ಮನೆಗೆ ಹೋದಳು. ಎರ್ಸಿಲಿಯಾ ಟೊಮೇಟೊ ಸಾರು ಕುದಿಸುತ್ತಿದ್ದರು. ಕಲೆಯ ಮಾತು ಕೇಳಿದ ಕೂಡಲೇ ಸೌಟು ಕೆಳಗಿಟ್ಟರು.

"ಅವರಪ್ಪಂಗೂ ಹಾಗೇ ಆಯ್ತು ಮಗಾ. ಬೆನ್ನ ಮೇಲೆ. ನಾವು ಇಟಲಿಯವ್ರು, ನಮ್ಮ ಚರ್ಮಕ್ಕೆ ಬಿಸಿಲು ಏನು ಮಾಡತ್ತೆ ಅಂತಿದ್ರು. ಡಾಕ್ಟರ ಹತ್ರ ಹೋಗೋ ಹೊತ್ತಿಗೆ ಶ್ವಾಸಕೋಶಕ್ಕೆ ಬಂದಿತ್ತು. ಕೊನೇವರೆಗೂ ಎತ್ತಿ ಕೂರಿಸಿದ್ದು, ಸ್ನಾನ ಮಾಡಿಸಿದ್ದು ಎಲ್ಲ ಇವನೇ." ಸೆರಗಿನಂತೆ ಏಪ್ರನ್ನಿನ ತುದಿಯಿಂದ ಕಣ್ಣೊತ್ತಿಕೊಂಡರು. "ಅವಂಗೆ ಗೊತ್ತಿಲ್ಲ ಅಂದ್ಕೊಂಡ್ಯಾ? ಗೊತ್ತಿದೆ. ಅದಕ್ಕೇ ನೋಡಲ್ಲ."

ಮಧ್ಯಾಹ್ನ ರೋವೀನಾ ಬೇಲಿ ದಾಟಿದಳು. ಸಮುದ್ರತೀರದ ಕಾವಲಿಗೆ ಬಳಸುವ ಕೆಂಪು-ಹಳದಿ ಬಾವುಟ ಹಿಡಿದು, ಹಳಿಯ ಪಕ್ಕ, ದೂರದಿಂದಲೇ ಕಾಣುವಂತೆ ನಿಂತಳು. ಎಂಜಿನ್ನು ತಿರುವಿನಲ್ಲಿ ಕಂಡ ಕೂಡಲೇ ಬಾವುಟವನ್ನು ತಲೆಯ ಮೇಲೆತ್ತಿ ಬೀಸಿದಳು. ಬೀಸುತ್ತಲೇ ಇದ್ದಳು.

ರೈಲು ನಿಂತಿತು. ಲೀನೊ ಹಾರಿ ಇಳಿದ. ಮುಖ ಬಿಳಚಿತ್ತು. "ತಲೆ ಕೆಟ್ಟಿದ್ಯಾ ನಿಂಗೆ? ಇದು ಎಷ್ಟು ಟನ್ ಇದೆ ಗೊತ್ತಾ? ಬ್ರೇಕ್ ಹಿಡೀದಿದ್ರೆ?"

"ಹಳಿ ಮೇಲೆ ನಿಂತಿಲ್ಲ ನಾನು, ಪಕ್ಕದಲ್ಲಿದೀನಿ. ಸಾಯೋ ಆಸೆ ನಂಗಿಲ್ಲ. ನಿಂಗಿರೋ ಹಾಗಿದೆ."

ಹಳಿಯಾಚೆ ಕಬ್ಬು ಆಳೆತ್ತರ ನಿಂತು ಗಾಳಿಗೆ ಸರಸರ ಎನ್ನುತ್ತಿತ್ತು.

"ನಿಮ್ಮಮ್ಮ ಎಲ್ಲ ಹೇಳಿದ್ರು," ರೋವೀನಾ ದನಿ ಇಳಿಸಿದಳು.

"ಹಾಗಾದ್ರೆ ಗೊತ್ತಾಯ್ತಲ್ಲ." ಅವನು ಹ್ಯಾಟು ತೆಗೆದು ಕೈಯಲ್ಲಿ ತಿರುಗಿಸಿದ. "ಅಪ್ಪಂಗೆ ಹೇಗೆ ಆಯ್ತು ಅಂತ ನೋಡಿದೀನಿ. ಅದು ಅದೇ ಆಗಿದ್ರೆ ನೀನು ದೂರ ಇರೋದು ಒಳ್ಳೇದು. ನನ್ನ ಎತ್ತಿ ಕೂರಿಸೋ ಕೆಲಸ ನಿನ್ನ ಪಾಲಿಗೆ ಬರೋದು ಬೇಡ."

"ನನ್ನ ಪಾಲಿಗೆ ಏನು ಬರ್ಬೇಕು ಅಂತ ನೀನು ತೀರ್ಮಾನ ಮಾಡ್ತೀಯಾ?" ಅವಳು ಒಂದು ಹೆಜ್ಜೆ ಮುಂದೆ ಬಂದಳು. "ಮುಖದ ಮೇಲೆ ಮಾಂಸ ಜೋತು ಬಿದ್ದಿದ್ದಾಗ ನಾನೂ ಬಾಗಿಲು ಹಾಕಿಕೊಂಡಿದ್ದೆ. ನೀನು ದಿನಾ ಬಂದೆ. ಬೇಲಿ ಹತ್ರ ನಿಂತು ನೇರ ನೋಡಿದೆ. ಅವತ್ತೇ ನಂಗೆ ನಿನ್ನ ಮೇಲೆ ಪ್ರೀತಿ ಬಂತು, ಹೇಳಿರ್ಲಿಲ್ಲ, ಈಗ ಹೇಳ್ತಿದೀನಿ. ನಾಳೆ ಬೆಳಗ್ಗೆ ಡಾಕ್ಟರ್ ತಿಯೋ ನಿನ್ನ ನೋಡ್ತಾರೆ. ಕಾರು ನಾನು ಓಡಿಸ್ತೀನಿ. ನೀನು ಕಾಲು ತಗೊಂಡು ಬಂದ್ರೆ ಸಾಕು."

ಲೀನೊ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ರೇಡಿಯೋ ಗಲಾಟೆ ಎಬ್ಬಿಸಿತು, ರೈಲು ಯಾಕೆ ನಿಂತಿದೆ ಎಂದು. ಅವನು ಎಂಜಿನ್ನಿನ ಬಾಗಿಲಿಗೆ ಕೈ ಚಾಚಿ ಅದನ್ನು ತೆಗೆದುಕೊಂಡ. ಕಣ್ಣು ಅವಳ ಮೇಲೇ ಇತ್ತು.

"ನಾಳೆ ನಂಗೆ ರಜೆ ಬೇಕು," ಎಂದ ರೇಡಿಯೋಗೆ. "ಇಲ್ಲೊಬ್ರು ಬಿಡ್ತಿಲ್ಲ."

*

ಅದು ಅದೇ ಆಗಿತ್ತು. ಮೆಲನೋಮ.

ಮೂಗಿಗೆ, ಕಿವಿಗೆ ಬಂದದ್ದಕ್ಕಿಂತ ಬೇರೆ ಜಾತಿಯದು, ಕಾದರೆ ಕೊಲ್ಲುವಂಥದು. ಇದಕ್ಕೆ ಕೂತಲ್ಲೇ ಉತ್ತರ ಸಿಗುವುದಿಲ್ಲ. ಡಾಕ್ಟರ್ ತಿಯೋ ಕಲೆಯನ್ನು ಕೊಯ್ದು ಲ್ಯಾಬಿಗೆ ಕಳಿಸಿದರು. ರೋವೀನಾ ಆ ದಿನಗಳಲ್ಲಿ ಮಕ್ಕಳಿಗೆ ಈಜು ಕಲಿಸಿದಳು, ಸಂಜೆ ಲೀನೊನ ಜಗುಲಿಯಲ್ಲಿ ಅವನ ಪಕ್ಕ ಕೂತಳು. ಅವನು ಹೆಚ್ಚು ಮಾತಾಡಲಿಲ್ಲ. ಒಂದು ಸಂಜೆ ಮಾತ್ರ, ಬೇರೆ ಕಡೆ ನೋಡುತ್ತಾ, "ಅವತ್ತು ಹಳಿ ಹತ್ರ ನೀನು ಹೇಳಿದ್ದು," ಎಂದ, "ನಂಗೂ ಹಾಗೇ. ನಂದು ಇನ್ನೂ ಮುಂಚೆ. ನೀನು ಬಹಾರಾಜ ಅಂದಾಗಲೇ."

ಫಲಿತಾಂಶ ಬಂದ ದಿನ ಡಾಕ್ಟರ್ ತಿಯೋ ಕಾಗದ ನೋಡದೆ ಅವರಿಬ್ಬರನ್ನೂ ನೋಡಿದರು.

"ದಪ್ಪ ಒಂದು ಮಿಲಿಮೀಟರಿನ ಅರ್ಧವೂ ಇಲ್ಲ. ಇನ್ನೂ ಮೇಲಿನ ಪದರದಲ್ಲೇ ಕೂತಿದೆ. ಸುತ್ತ ಸ್ವಲ್ಪ ಅಗಲವಾಗಿ ತೆಗೆದುಬಿಟ್ರೆ ಮುಗೀತು. ವರ್ಷಕ್ಕೆ ಕೆಲವು ಸಲ ಬಂದು ಮೈಯೆಲ್ಲ ತೋರಿಸಿ ಹೋಗ್ಬೇಕು, ಅಷ್ಟೇ." ತಡೆದು ಸೇರಿಸಿದರು. "ಇನ್ನೊಂದು ವರ್ಷ ಬಿಟ್ಟು ಬಂದಿದ್ರೆ ನಾನು ಬೇರೆ ಮಾತಾಡ್ಬೇಕಾಗ್ತಿತ್ತು. ಕಂಡು ಹಿಡಿದದ್ದು ಯಾರು?"

ಲೀನೊ ರೋವೀನಾಳ ಕಡೆ ಬೆರಳು ತೋರಿಸಿದ. ಕ್ಲಿನಿಕ್ಕಿನ ಹೊರಗೆ ಮಾವಿನ ಮರದ ನೆರಳಲ್ಲಿ ಅವಳನ್ನು ತಬ್ಬಿಕೊಂಡು, ಅವಳ ಹೆಗಲಲ್ಲಿ ಮುಖ ಹುದುಗಿಸಿ, ಅಪ್ಪ ಸತ್ತಾಗಲೂ ಅಳದಿದ್ದವನು ಅತ್ತ. ರೋವೀನಾ ಅವನ ಬೆನ್ನು ನೇವರಿಸಿದಳು. ಆಮೇಲೆ ಅವನ ಅರ್ಧ ಕಿವಿಯ ಮೇಲೆ ಮೆಲ್ಲಗೆ ಮುತ್ತಿಟ್ಟಳು, ಅವನು ಅವಳ ಮೂಗಿನ ತುದಿಗೆ.

"ಇದು ನಿನ್ನ ಹಣೆಯಾ, ಮೂಗಾ?" ಕೇಳಿದ ಅವನು, ಕಣ್ಣೊರೆಸಿಕೊಳ್ಳುತ್ತಾ. "ಒಂದೇ ಮುತ್ತು ಎರಡೂ ಕಡೆಗೆ ಲೆಕ್ಕ ಆಯ್ತು."

*

ನವೆಂಬರಿನಲ್ಲಿ ಕೊನೆಯ ಕಬ್ಬು ಅರೆದು ಫ್ಯಾಕ್ಟರಿಯ ಚಿಮಣಿ ತಣ್ಣಗಾಯಿತು. ಸೀಸನ್ ಮುಗಿದ ಹಬ್ಬವನ್ನು ಆ ವರ್ಷ ಕರ್ಲ್ಯೂ ಬೇಯ ಸಮುದ್ರತೀರದ ಕ್ಲಬ್ಬಿನಲ್ಲಿ ಇಟ್ಟುಕೊಂಡರು. ಅದು ರೋವೀನಾಳ ಹಟ. ಮೊದಲು ಚರ್ಮ ಪರೀಕ್ಷೆ, ಆಮೇಲೆ ಬಿಯರು.

ಡಾಕ್ಟರ್ ತಿಯೋ ರಜೆಯ ದಿನ ಬಿಟ್ಟುಕೊಟ್ಟು ಬಂದಿದ್ದರು. ಕಬ್ಬಿನ ಗದ್ದೆಯ ಗಂಡಸರು ಬಾಗಿಲಲ್ಲೇ ಗುಂಪುಕಟ್ಟಿ, ನೀನು ಮೊದಲು, ನೀನು ಮೊದಲು ಎಂದು ಒಬ್ಬರನ್ನೊಬ್ಬರು ತಳ್ಳುತ್ತಿದ್ದರು. ಎರ್ಸಿಲಿಯಾ ಗುಂಪಿನ ಹಿಂದಿನಿಂದ ಬಂದರು.

"ಏನು ನಾಚಿಕೆ ನಿಮಗೆ? ನಿಮ್ಮ ಹೊಟ್ಟೆ ನಾವು ನೋಡಿಲ್ವಾ? ಬಿಚ್ಚಿ ಅಂಗಿ." ತಮ್ಮ ಮೈದುನನ ಕಾಲರಿಗೇ ಕೈ ಹಾಕಿದರು. "ನನ್ನ ಗಂಡಂಗೆ ಯಾರೂ ಹೇಳೋರಿರ್ಲಿಲ್ಲ. ನಿಮಗೆ ನಾನಿದೀನಿ."

ಸಾಲು ತನ್ನಷ್ಟಕ್ಕೆ ಕಟ್ಟಿತು. ಸಂಜೆಯ ಹೊತ್ತಿಗೆ ನಾಲ್ಕೈದು ಜನರಿಗೆ ಟೌನ್ಸ್‌ವಿಲ್‌ಗೆ ಬರಲು ಹೇಳಿ ಕಳಿಸಿದ್ದರು ಡಾಕ್ಟರ್. ಅವರ ಕಲೆಗಳೆಲ್ಲ ಬೇಗ ಸಿಕ್ಕಿವೆ, ಹೆದರುವಂಥದ್ದು ಯಾವುದೂ ಇಲ್ಲ ಎಂದರು.

ಲೀನೊ ಕೋಲೂರಿಕೊಂಡು ಬಂದ. ಮೀನಖಂಡದಲ್ಲಿ ತೆಗೆದ ಜಾಗ ಇನ್ನೂ ಬಿಗಿಯಾಗಿತ್ತು. ಮರಳಿನ ಮೇಲೆ, ಜನರ ನಡುವೆ ನಿಂತು, ಸುತ್ತ ನೋಡಿದ.

"ಮಂಡಿ ಊರಕ್ಕೆ ಆಗಲ್ಲ," ಎಂದ ರೋವೀನಾಳಿಗೆ. "ಊರಿದ್ರೆ ಏಳಕ್ಕಾಗಲ್ಲ. ನಿಂತೇ ಕೇಳ್ತೀನಿ. ನನ್ನ ಮದುವೆ ಆಗ್ತೀಯಾ?"

ಬ್ರೈಡಿ ಬಾಯಿಗೆ ಕೈ ಅಡ್ಡ ಹಿಡಿದಳು.

"ನಿಂಗೆ ಈಜು ಬರಲ್ಲ," ಎಂದಳು ರೋವೀನಾ.

"ಬರಲ್ಲ."

"ಹೇಳಿದ್ದು ಕೇಳಲ್ಲ."

"ಒಂದು ಸಲ ಕೇಳಿದೀನಿ. ಬದುಕಿದೀನಿ."

ಅವಳು ಅವನನ್ನು ನೋಡಿದಳು. ಕಡಲ ಗಾಳಿ ಅವಳ ಕೆಂಪು ಕೂದಲನ್ನು ಹಿಂದಕ್ಕೆ ಹಾರಿಸಿ ಹಣೆಯನ್ನು ಬಯಲು ಮಾಡಿತು. ಅವಳು ಸರಿಮಾಡಿಕೊಳ್ಳಲಿಲ್ಲ. "ಆಗ್ತೀನಿ ಕಣೋ," ಎಂದಳು. "ಆಗದೆ ಇನ್ನೇನು?"

ಕೂಗು ಎದ್ದಿತು. ಎರ್ಸಿಲಿಯಾ ಇಬ್ಬರನ್ನೂ ಒಟ್ಟಿಗೆ ತಬ್ಬಿಕೊಂಡು ಇಟಲಿಯ ಮಾತಿನಲ್ಲಿ ಏನೇನೋ ಹೇಳಿದರು, ಅದರಲ್ಲಿ ಗಂಡನ ಹೆಸರೊಂದು ಎಲ್ಲರಿಗೂ ಕೇಳಿಸಿತು. ಬ್ರೈಡಿ ಕಣ್ಣೊರೆಸಿಕೊಂಡು ಫೋನ್ ಎತ್ತಿ ಹಿಡಿದಳು.

"ಒಂದು ಫೋಟೋ. ರೋ, ಯಾವ ಕಡೆಯಿಂದ ತೆಗೀಲಿ? ಬಲಗಡೆ ಗುರುತು ಅಷ್ಟು ಕಾಣಲ್ಲ. ಸ್ವಲ್ಪ ತಿರುಗ್ತೀಯಾ?"

ರೋವೀನಾ ಲೀನೊನ ತೋಳಿಗೆ ತೋಳು ಸೇರಿಸಿ, ಇಳಿಬಿಸಿಲಿಗೆ ಬೆನ್ನು ಹಾಕಿ, ಗದ್ದ ಎತ್ತಿ ನಿಂತಳು.

"ಎದುರಿಂದ ತೆಗಿ," ಎಂದಳು. "ಹತ್ತಿರ ಬಂದು ತೆಗಿ."